ಮೂಲವಂಶ: ಒಂದು ಪದವಿಚಾರ

ಜನವರಿ 26ರ ಧ್ವಜವಂದನೆಯ ದಿನ ನಾಡಿನ ಇತರೆಡೆಗಳಂತೆ ದೇವನಹಳ್ಳಿಯ ಶಾಲೆಗಳಲ್ಲಿಯೂ ಸಂವಿಧಾನದ ಪೀಠಿಕೆಯನ್ನು ಓದಿಸುವುದುಂಟು. ಉಪಾಧ್ಯಾಯರು ಅಲ್ಲಿಗೇ ನಿಲ್ಲದೆ ಮಕ್ಕಳನ್ನು 15ನೆಯ ಅನುಚ್ಛೇದದವರೆಗೂ ಕರೆದೊಯ್ಯುವುದು ಯುಕ್ತ. ಧರ್ಮ, ಮೂಲವಂಶ, ಜಾತಿ, ಲಿಂಗ, ಜನ್ಮಸ್ಥಳ ಇವುಗಳ ಕಾರಣದಿಂದಷ್ಟೇ ರಾಜ್ಯವು ಯಾವ ನಾಗರಿಕನಿಗೂ ತಾರತಮ್ಯವೆಸಗಕೂಡದೆಂಬುದು ಅದರ ತಾತ್ಪರ್ಯ. ಜಾತಿ ಎಂದರೇನೆಂದು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ, ಅದು ದುರ್ದೈವ. ಮೂಲವಂಶವೆಂಬ ಪದಕ್ಕೆ ಮಾತ್ರ ಟೀಕೆ ಬೇಕಾಗುತ್ತದೆ. (ಸಂಸ್ಕೃತದಲ್ಲಿ ‘ವಂಶ’ಕ್ಕೆ ಬಿದಿರೆಂಬ ಅರ್ಥವೂ ಉಂಟು. ಗೆಣ್ಣಿನ ಮೇಲೆ ಗೆಣ್ಣು ಬೆಳೆಯುವಂತೆ ತಲೆಮಾರಿನ ಮೇಲೆ ತಲೆಮಾರು ಎಂದು ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ನಿಲ್ಲುತ್ತದೆ.)

ಇದಕ್ಕೆ ರೂಢಿಯ ದೃಷ್ಟಾಂತವೆಂದರೆ ಗಾಂಧೀಜಿಯವರದು. 1893ರ ಜೂನ್ 7ರ ರಾತ್ರಿ ದಕ್ಷಿಣ ಆಫ್ರಿಕದ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಮೊದಲ ದರ್ಜೆಯ ಟಿಕೆಟ್ಟು ಕೈಯಲ್ಲಿದ್ದೂ ಅವರು ರೈಲಿನಿಂದ ಹೊರದೂಡಲ್ಪಟ್ಟರು. ಪಾಠ ಕೇಳುವ ಮಕ್ಕಳ ಕಣ್ಣು ಕೆಂಪಾಗುತ್ತದೆ. ದೃಷ್ಟಾಂತವು ಸರಿಯೇ. ಆದರೆ ಅಲ್ಲಿ ನೊಂದವರು ನಮ್ಮವರು, ನೋಯಿಸಿದವರು ಪರರು. ಅಂಥ ಪಾಠವನ್ನು ಕಲಿಸುವುದು ಸುಲಭ.

ಕಷ್ಟದ ಪಾಠವು ನಮ್ಮ ನಾಡಿನೊಳಗೇ ಇದೆ. ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಅಂಕೋಲೆಗಳ ಕಾಡಂಚಿನಲ್ಲಿ ಸಿದ್ದಿಗಳೆಂಬ ಜನರಿದ್ದಾರೆ. ಇವರ ಪೂರ್ವಿಕರು ಆಫ್ರಿಕದವರು; ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ತಪ್ಪಿಸಿಕೊಂಡು ಸಹ್ಯಾದ್ರಿಯ ಮರೆ ಸೇರಿದವರು ಬಹುಮಂದಿ. ಹಿಂದೂ, ಕ್ರೈಸ್ತ, ಮುಸಲ್ಮಾನ ಮೂರು ಮತದವರೂ ಇವರಲ್ಲಿ ಉಂಟು. ಕನ್ನಡ, ಕೊಂಕಣಿಗಳನ್ನಾಡುತ್ತ ತಲೆಮಾರುಗಳಿಂದ ಈ ಮಣ್ಣಿನಲ್ಲಿ ದುಡಿದ ಇವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಇವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡದ್ದು 2020ರಲ್ಲಿ. ಇಷ್ಟಾದರೂ ಊರು ಬಿಟ್ಟು ಪೇಟೆಗೆ ಬಂದ ಸಿದ್ದಿಯು ‘ಯಾವ ದೇಶ?’ ಎಂಬ ಪ್ರಶ್ನೆಯನ್ನು ಎದುರಿಸಬೇಕು. ಕೇಳುವವನಿಗೆ ಆ ಪ್ರಶ್ನೆಯನ್ನು ಯಾರೂ ಹಾಕುವುದಿಲ್ಲ. ಅವನ ದೇಶಭಕ್ತಿ ಪುರಾವೆಯಿಲ್ಲದೆ ಸಲ್ಲುತ್ತದೆ. ಇದು ದೊಡ್ಡ ಸವಲತ್ತು. ಉಳ್ಳವನ ಕಣ್ಣಿಗೆ ಕಾಣದ ಸವಲತ್ತು.

2016ರಲ್ಲಿ ಗಣರಾಜ್ಯೋತ್ಸವ ಕಳೆದು ಐದೇ ದಿನಕ್ಕೆ, ಜನವರಿ 31ರ ರಾತ್ರಿ, ಬೆಂಗಳೂರಿನ ಹೆಸರಘಟ್ಟದ ಬಳಿ ಸೂಡಾನಿನ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಮಹಿಳೆಯೊಬ್ಬರು ಮೃತಪಟ್ಟರು. ಸ್ವಲ್ಪ ಹೊತ್ತಿನ ಬಳಿಕ ಅದೇ ದಾರಿಯಲ್ಲಿ ಬಂದ ಟಾಂಜಾನಿಯದ ವಿದ್ಯಾರ್ಥಿನಿಯನ್ನೂ ಆಕೆಯ ಸ್ನೇಹಿತರನ್ನೂ ಜನಸಮೂಹವು ಥಳಿಸಿ ಅವರ ಕಾರನ್ನು ಸುಟ್ಟಿತು. ಅಪಘಾತಕ್ಕೂ ಆಕೆಗೂ ಇದ್ದ ಸಂಬಂಧ ಮೈಬಣ್ಣವೊಂದೇ. ಆಕೆ ಭಾರತದ ನಾಗರಿಕಳಲ್ಲ, 15ನೆಯ ಅನುಚ್ಛೇದ ಆಕೆಗೆ ಅನ್ವಯಿಸದು ಎಂದು ವಾದಿಸುವವರಿದ್ದರೆ, ಅದರ ಹಿಂದಿನ 14ನೆಯದನ್ನು ಓದಲಿ. ಕಾನೂನಿನ ಸಮಾನ ರಕ್ಷಣೆಯನ್ನು ಹೇಳುವ ಆ ವಾಕ್ಯದಲ್ಲಿರುವ ಶಬ್ದ ‘ವ್ಯಕ್ತಿ’; ‘ನಾಗರಿಕ’ ಅಲ್ಲ.

2008ರಲ್ಲಿ ವಿಮಾನ ನಿಲ್ದಾಣ ತೆರೆದಂದಿನಿಂದ, ವಿಮಾನದಲ್ಲಿ ಬೆಂಗಳೂರಿಗೆ ಓದಲು ಬರುವ ಆಫ್ರಿಕದ ಮಕ್ಕಳು ಮೊದಲು ಕಾಲಿಡುವ ಕನ್ನಡದ ನೆಲ ದೇವನಹಳ್ಳಿ ತಾಲ್ಲೂಕಿನದು. ಅವರನ್ನು ಬೀದಿಯಲ್ಲಿ ಯಾವ ಹೆಸರು ಹಿಡಿದು ಕೂಗುತ್ತಾರೆಂದು ಉಪಾಧ್ಯಾಯರು ತರಗತಿಯಲ್ಲಿ ವಿಚಾರಿಸಲಿ. ಬಂದ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಅನಂತರ ಪೀಟರ್‌ಮಾರಿಟ್ಸ್‌ಬರ್ಗಿನ ಪಾಠವನ್ನು ಮತ್ತೊಮ್ಮೆ ಓದಿಸಲಿ.