ವಿನೋದೋದ್ಯಾನಗಳಲ್ಲಿ ನಾಡಿನ ನೆರಳು

ಶಾಲಾ ಪ್ರವಾಸದಲ್ಲಿ ವಿನೋದೋದ್ಯಾನಗಳಿಗೆ ಹೋದಾಗ ತಿರುಗುವ ತೊಟ್ಟಿಲನ್ನೂ ನೀರಿನ ಜಾರುಬಂಡೆಯನ್ನೂ ಕಂಡು ಹಿಗ್ಗುತ್ತೇವೆ. ಇಂತಹ ಆಟದ ಯಂತ್ರಗಳು ಎಲ್ಲ ದೇಶಗಳಲ್ಲಿಯೂ ಹೆಚ್ಚುಕಡಮೆ ಒಂದೇ ಬಗೆಯವು. ಆದರೆ ಅವುಗಳ ಸುತ್ತಲಿನ ಏರ್ಪಾಡುಗಳಲ್ಲಿ ಆಯಾ ನಾಡಿನ ಹವೆ, ನಂಬಿಕೆ, ಕಲೆಗಳು ಎದ್ದು ಕಾಣುತ್ತವೆ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ 1843ರಲ್ಲಿ ಆರಂಭವಾದ ಟಿವೋಲಿ ಉದ್ಯಾನದಲ್ಲಿ ಮೂಕಾಭಿನಯಕ್ಕೆಂದು 1874ರಲ್ಲಿ ಕಟ್ಟಿದ ರಂಗಮಂದಿರವಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ವಾಲ್ಟ್ ಡಿಸ್ನಿಯವರು 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನ ಹೆಬ್ಬಾಗಿಲನ್ನು ದಾಟಿದೊಡನೆ ಆ ದೇಶದ ಹಳೆಯ ಸಣ್ಣ ಪಟ್ಟಣದ ಬೀದಿಯೊಂದು ಎದುರಾಗುತ್ತದೆ. 1983ರಲ್ಲಿ ಜಪಾನಿನಲ್ಲಿ ಅದೇ ಹೆಸರಿನ ಉದ್ಯಾನ ತೆರೆದಾಗ, ಅಲ್ಲಿನ ಮಳೆಗೆ ತಕ್ಕಂತೆ ಅಂಗಡಿಗಳ ಬೀದಿಗೆ ಗಾಜಿನ ಮಾಡು ಹೊದಿಸಿದರು. 2005ರಲ್ಲಿ ತೆರೆದ ಹಾಂಗ್‌ಕಾಂಗಿನ ಉದ್ಯಾನದಲ್ಲಿ, ನಮ್ಮ ವಾಸ್ತುವನ್ನು ಹೋಲುವ ಫೆಂಗ್‌ಶುಯಿ ಎಂಬ ಚೀನೀ ಶಾಸ್ತ್ರವನ್ನನುಸರಿಸಿ ಹೆಬ್ಬಾಗಿಲಿನ ದಿಕ್ಕನ್ನು 12 ಡಿಗ್ರಿಗಳಷ್ಟು ತಿರುಗಿಸಿದರು.

ಇನ್ನು ನಮ್ಮ ನೆರೆಯನ್ನು ನೋಡೋಣ. ಮಂಗಳೂರಿನ ಪಿಲಿಕುಳ ನಿಸರ್ಗಧಾಮದಲ್ಲಿ ಮೃಗಾಲಯ, ದೋಣಿವಿಹಾರಗಳೊಡನೆ ತುಳುನಾಡಿನ ಗುತ್ತಿನ ಮನೆಯೂ ಕುಶಲಕರ್ಮಿಗಳ ಗ್ರಾಮವೂ ಇವೆ. ಪಿಲಿಕುಳವೆಂದರೆ ತುಳುವಿನಲ್ಲಿ ಹುಲಿಯ ಕೊಳ. ಮಕ್ಕಳು ಮೊದಲು ಹುಲಿಯತ್ತ ಓಡುವುದು ಸಹಜವೇ. ಆದರೆ ಗುತ್ತಿನ ಮನೆಯ ಚಾವಡಿಯನ್ನೂ ಕುಂಬಾರನ ತಿಗರಿಯನ್ನೂ ನಿಂತು ನೋಡಬೇಕು. ಅವುಗಳ ಬಳಕೆಯನ್ನು ವಿವರಿಸಬಲ್ಲ ಅಜ್ಜ ಅಜ್ಜಿಯರು ನಮ್ಮ ಪೈವಳಿಕೆಯಲ್ಲಿ ಇನ್ನೂ ಇದ್ದಾರೆ. ಅವರಿಂದ ಈಗಲೇ ಕೇಳಿ ತಿಳಿಯದಿದ್ದರೆ, ಮುಂದೊಂದು ದಿನ ನಮ್ಮ ಊರನ್ನೇ ಟಿಕೇಟು ಪಡೆದು ನೋಡಬೇಕಾದೀತು.