ಕೆತ್ತಿದ ಕುಂಬಳ ಕೊಳೆಯದಂತೆ ನೋಡಿಕೊಳ್ಳುವುದು ಹೇಗೆ?

ಅಕ್ಟೋಬರ್ ಶುರುವಾಯಿತೆಂದರೆ ಅಮೆರಿಕದ ಅಂಗಡಿಗಳ ಮುಂದೆ ಕಿತ್ತಳೆ ಬಣ್ಣದ ಕುಂಬಳಕಾಯಿ ರಾಶಿ ಬೀಳುತ್ತದೆ. 31ರ ಹ್ಯಾಲೋವೀನ್ ಸಂಜೆಗೆ ಅದರಲ್ಲಿ ಕಣ್ಣು, ಮೂಗು, ಹಲ್ಲು ಕೊರೆದು, ಒಳಗೆ ದೀಪವಿಟ್ಟು ಬಾಗಿಲಲ್ಲಿ ಕೂರಿಸುವುದು ಅಲ್ಲಿನ ರೂಢಿ. ಐರ್ಲೆಂಡ್, ಸ್ಕಾಟ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆಯುತ್ತಿದ್ದ ಜನ 19ನೇ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದಾಗ, ಅಲ್ಲಿ ಹೇರಳವಾಗಿದ್ದ ಕುಂಬಳವನ್ನೇ ಕೈಗೆತ್ತಿಕೊಂಡರು. ಈಗ ನ್ಯೂಜೆರ್ಸಿ, ಡಲ್ಲಾಸ್, ಬೇ ಏರಿಯಾಗಳ ಕನ್ನಡಿಗರ ಮನೆಗಳಲ್ಲೂ ಮಕ್ಕಳು ಇದಕ್ಕಾಗಿ ಹಟ ಹಿಡಿಯುತ್ತಾರೆ. ಮೊಮ್ಮಕ್ಕಳ ಜೊತೆ ಕೊರೆಯಲು ಕೂರುವವರು ಊರಿನಿಂದ ಹೋದ ಅಜ್ಜ ಅಜ್ಜಿಯೇ ಆಗಿರುವುದೂ ಉಂಟು. ಇಷ್ಟು ಕಷ್ಟಪಟ್ಟು ಮಾಡಿದ ಮುಖ ಹಬ್ಬದ ಹಿಂದಿನ ದಿನವೇ ಬೂಷ್ಟು ಹಿಡಿದು ಕುಸಿದರೆ ಮಗುವಿಗಾಗುವ ಬೇಸರ ಸಣ್ಣದಲ್ಲ. ಸ್ವಲ್ಪ ಮುಂಜಾಗ್ರತೆ ವಹಿಸಿದರೆ ಅದನ್ನು ತಪ್ಪಿಸಬಹುದು.

ಇಡಿಯಾಗಿರುವ ಕುಂಬಳ ಬಹಳ ಗಟ್ಟಿ ಜೀವ. ನಮ್ಮ ಹಳ್ಳಿಮನೆಗಳ ಅಟ್ಟದ ಮೇಲೆ ಅದು ತಿಂಗಳುಗಟ್ಟಲೆ ಉಳಿಯುವುದನ್ನು ಕಂಡಿದ್ದೇವೆ. ಅಮೆರಿಕದ ಕುಂಬಳವೂ 10ರಿಂದ 13 ಡಿಗ್ರಿ ಸೆಲ್ಸಿಯಸ್‌ನ ಒಣ ಜಾಗದಲ್ಲಿ ಎರಡು ಮೂರು ತಿಂಗಳು ಕೆಡುವುದಿಲ್ಲ. ಅದನ್ನು ಕಾಯುವುದು ಸಿಪ್ಪೆ. ಚಾಕು ಇಳಿದ ಕ್ಷಣದಿಂದ ಆ ಕಾವಲು ಹೋಯಿತು. ತಿರುಳಿನಲ್ಲಿ ಸುಮಾರು ಶೇ 90ರಷ್ಟು ನೀರೇ ಇರುವುದರಿಂದ ಒಂದು ಕಡೆ ಅದು ಆರಿ ಸುಕ್ಕಾಗುತ್ತದೆ, ಇನ್ನೊಂದು ಕಡೆ ಬೂಷ್ಟು, ಬ್ಯಾಕ್ಟೀರಿಯಾಗಳು ಒದ್ದೆ ಜಾಗಕ್ಕೆ ಮುತ್ತುತ್ತವೆ. ಏನೇ ಆರೈಕೆ ಮಾಡಿದರೂ ಕೊರೆದ ಕುಂಬಳದ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಏಳು ದಿನ. ತಿಂಗಳುಗಟ್ಟಲೆ ಉಳಿಸುವ ಗುಟ್ಟು ಹೇಳುತ್ತೇವೆ ಎನ್ನುವವರ ಮಾತು ನಂಬಬೇಡಿ.

ಆದ್ದರಿಂದ ಎಲ್ಲ ಉಪಾಯಗಳಿಗಿಂತ ದೊಡ್ಡ ಉಪಾಯ ದಿನ ನೋಡಿ ಕೊರೆಯುವುದು. 29 ಅಥವಾ 30ರಂದು ಕೊರೆದರೆ ಅರ್ಧ ಗೆದ್ದಂತೆ. ಮಕ್ಕಳು ಕಾಯಲಾರೆವೆಂದರೆ ಇಡೀ ಕಾಯಿಯ ಮೇಲೆ ಮಾರ್ಕರ್‌ನಲ್ಲಿ ಮುಖ ಬರೆಯಲು ಬಿಡಿ. ಹಾಗೆ ಬರೆದ ಕಾಯಿ ಹಬ್ಬದವರೆಗೂ ಜಗುಲಿಯಲ್ಲಿ ಕೂರುತ್ತದೆ, ಆಮೇಲೆ ಅದೇ ಗೆರೆಯ ಮೇಲೆ ಕೊರೆಯಬಹುದು.

ಕೊಳ್ಳುವಾಗ

ತೊಟ್ಟು ಗಟ್ಟಿಯಾಗಿ ಅಂಟಿಕೊಂಡಿರುವ ಕಾಯಿ ಆರಿಸಿ. ತೊಟ್ಟು ಮುರಿದ ಗಾಯದಿಂದಲೇ ಕೊಳೆತ ಒಳಗಿಳಿಯುತ್ತದೆ, ಹಾಗಾಗಿ ತೊಟ್ಟು ಹಿಡಿದು ಎತ್ತಲೂ ಬೇಡಿ, ಎರಡೂ ಕೈ ಅಡಿಗೆ ಕೊಡಿ. ಸುತ್ತ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿನ ಕಲೆ ಒಂದಿದ್ದರೂ ಬಿಟ್ಟುಬಿಡಿ. ಬುಡ ನೋಡಲು ಮರೆಯಬೇಡಿ. ಹೊಲದಲ್ಲಿ ನೆಲಕ್ಕೆ ತಾಗಿಕೊಂಡಿದ್ದ ಭಾಗ ಅದು, ಕೊಳೆತ ಹೆಚ್ಚಾಗಿ ಅಲ್ಲಿಯೇ ಅಡಗಿರುತ್ತದೆ.

ಕೊರೆಯುವಾಗ

ಮೊದಲು ಹೊರಮೈಯ ಮಣ್ಣನ್ನು ತೊಳೆದು ಒರೆಸಿ. ಚಾಕು, ಚಮಚ, ಕೈ ಎಲ್ಲವೂ ಶುಚಿಯಾಗಿರಲಿ. ಮೇಲೆ ಮುಚ್ಚಳ ಕತ್ತರಿಸುವುದು ರೂಢಿಯಾದರೂ ನನ್ನ ಮಟ್ಟಿಗೆ ಬುಡದಲ್ಲಿ ಬಿಲ್ಲೆ ತೆಗೆಯುವುದೇ ಒಳ್ಳೆಯದು. ಒಳಗೆ ಒಸರುವ ನೀರು ನಿಲ್ಲದೆ ಹೊರಗೆ ಹೋಗುತ್ತದೆ, ನೆತ್ತಿ ಒಳಕ್ಕೆ ಕುಸಿಯುವುದಿಲ್ಲ. ತಟ್ಟೆಯ ಮೇಲೆ ದೀಪವಿಟ್ಟು ಕಾಯಿಯನ್ನು ಅದರ ಮೇಲೆ ಮುಚ್ಚಿದರೆ ಸಾಕು.

ಇನ್ನು ಅತಿ ಮುಖ್ಯವಾದ ಕೆಲಸ, ಒಳಗನ್ನು ಕೆರೆಯುವುದು. ಬೀಜ ತೆಗೆದು ಕೈ ತೊಳೆದುಕೊಳ್ಳುವವರೇ ಹೆಚ್ಚು. ಆದರೆ ಬೂಷ್ಟು ಮೊದಲು ಹಿಡಿಯುವುದು ಒಳಗೋಡೆಗೆ ಅಂಟಿದ ಒದ್ದೆ ನಾರನ್ನೇ. ಗಟ್ಟಿ ಚಮಚದಿಂದ ಒಂದು ಎಳೆಯೂ ಉಳಿಯದಂತೆ, ಗೋಡೆ ನಯವಾಗುವವರೆಗೆ ಕೆರೆಯಿರಿ. ಮಕ್ಕಳಿಗೆ ಕೊಡಬೇಕಾದ ಕೆಲಸ ಇದೇ. ಚಾಕು ಮಾತ್ರ ದೊಡ್ಡವರ ಕೈಯಲ್ಲಿರಲಿ. ಅಂಗಡಿಯಲ್ಲಿ ಸಿಗುವ ಸಣ್ಣ ಗರಗಸ ಅಡುಗೆಮನೆಯ ಚಾಕುವಿಗಿಂತ ಸುರಕ್ಷಿತ. ಮುಖ ಬರುವ ಕಡೆ ಗೋಡೆ ಒಂದು ಇಂಚು ದಪ್ಪ ಉಳಿಯಬೇಕು, ತೀರ ತೆಳುವಾದರೆ ಒಳಕ್ಕೆ ಮುರುಟಿಕೊಳ್ಳುತ್ತದೆ. ಚೂಪಾದ ಹಲ್ಲು, ಸಣ್ಣ ಕೊಂಡಿಗಳು ಎಲ್ಲಕ್ಕಿಂತ ಮೊದಲು ಬಾಡುವುದರಿಂದ ದೊಡ್ಡ ಕಣ್ಣು, ಅಗಲ ಬಾಯಿಯ ಸರಳ ಮುಖವೇ ಹೆಚ್ಚು ದಿನ ಬಾಳುತ್ತದೆ.

ತೆಗೆದ ಬೀಜವನ್ನು ತೊಳೆದು, ಆರಿಸಿ, ಉಪ್ಪು ಖಾರ ಹಾಕಿ ಹುರಿದರೆ ಬಹಳ ರುಚಿ. ತಿರುಳಿನ ಹುಳಿಯೋ ಪಲ್ಯವೋ ಮಾಡುವ ಆಸೆಯಿದ್ದರೆ ಅಂದೇ ಮಾಡಿ, ಅದೂ ಬ್ಲೀಚ್ ಮುಟ್ಟಿಸುವ ಮೊದಲು. ಕೆತ್ತನೆಗೆಂದೇ ಬೆಳೆಯುವ ಹೌಡೆನ್‌ನಂಥ ತಳಿಗಳಲ್ಲಿ ನಾರು, ನೀರು ಜಾಸ್ತಿ, ಸಿಹಿ ಕಡಿಮೆ. ಅಡುಗೆಗೆ ಬಟರ್‌ನಟ್ ಸ್ಕ್ವಾಶ್ ತಂದರೆ ನಮ್ಮ ಸಿಹಿಗುಂಬಳದ ರುಚಿಗೆ ಹತ್ತಿರವಾಗುತ್ತದೆ. ದಿನಗಟ್ಟಲೆ ಹೊರಗಿದ್ದ ಕೊರೆದ ಕಾಯಿಯನ್ನು ಮಾತ್ರ ತಿನ್ನಲೇಬಾರದು.

ತೊಳೆದು, ಆರಿಸಿ

ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಾದಾ ಬ್ಲೀಚ್ ಬೆರೆಸಿ. ಈ ನೀರಿನಲ್ಲಿ ಕಾಯಿಯನ್ನು ಇಪ್ಪತ್ತು ನಿಮಿಷ ಮುಳುಗಿಸಿಡಿ. ದೊಡ್ಡ ಬಕೆಟ್ ಇಲ್ಲದಿದ್ದರೆ ಸ್ಪ್ರೇ ಬಾಟಲಿಯಿಂದ ಒಳಗೋಡೆಗೂ ಕತ್ತರಿಸಿದ ಅಂಚಿಗೂ ಚೆನ್ನಾಗಿ ಹೊಡೆಯಿರಿ. ಕೈಗೆ ಗವಸು ಹಾಕಿ, ಕಿಟಕಿ ತೆರೆದಿಡಿ, ಮಕ್ಕಳನ್ನು ದೂರವಿಡಿ. ವಿನೆಗರ್ ಕೂಡ ಬೂಷ್ಟಿಗೆ ಒಳ್ಳೆಯದೆಂದು ಅದನ್ನೂ ಇದಕ್ಕೆ ಸುರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ, ಎಂದಿಗೂ ಬೆರೆಸಬೇಡಿ. ಅಮೋನಿಯಾ ಇರುವ ಕ್ಲೀನರ್‌ಗಳಿಗೂ ಇದೇ ಎಚ್ಚರಿಕೆ. ಬೊರಾಕ್ಸ್ ಪುಡಿ ಬಳಸುವವರೂ ಇದ್ದಾರೆ. ಪುಟ್ಟ ಮಕ್ಕಳು, ನಾಯಿ, ಬೆಕ್ಕು ಇರುವ ಮನೆಗೆ ನಾನು ಅದನ್ನು ಹೇಳಲಾರೆ, ಹೊಟ್ಟೆಗೆ ಹೋದರೆ ಅಪಾಯ.

ನೀರಿನಿಂದ ತೆಗೆದ ಮೇಲೆ ಕಾಯಿಯನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಪೂರ್ತಿ ಆರಲು ಬಿಡಿ. ಆಮೇಲಷ್ಟೇ ಕತ್ತರಿಸಿದ ಅಂಚುಗಳಿಗೆ ವ್ಯಾಸಲೀನ್ ತೆಳ್ಳಗೆ ಸವರಿ. ಅದು ತಿರುಳಿನ ನೀರು ಆರಿಹೋಗುವುದನ್ನು ನಿಧಾನಿಸುತ್ತದೆ. ಒದ್ದೆಯ ಮೇಲೆ ಸವರಿದರೆ ತೇವ ಒಳಗೇ ಸಿಕ್ಕಿಕೊಂಡು ಬೂಷ್ಟಿಗೆ ಅನುಕೂಲವಾಗುತ್ತದೆ.

ವ್ಯಾಸಲೀನ್ ಬೆಂಕಿ ಹತ್ತುವ ವಸ್ತು, ಆದ್ದರಿಂದ ಒಳಗೆ ಎಲ್‌ಇಡಿ ದೀಪವನ್ನೇ ಇಡಿ. ಮೇಣದಬತ್ತಿಯ ಶಾಖಕ್ಕೆ ಕುಂಬಳ ಒಳಗಿನಿಂದ ಬೇಯತೊಡಗುತ್ತದೆ, ಬೆಂದದ್ದು ಬೇಗ ಕೊಳೆಯುತ್ತದೆ. 2024ರಲ್ಲಿ ನರಕ ಚತುರ್ದಶಿಯೂ ಅಕ್ಟೋಬರ್ 31ರಂದೇ ಬಂದಿತ್ತು. ಅಂಥ ವರ್ಷಗಳಲ್ಲಿ ಹಣತೆಗಳನ್ನು ಕುಂಬಳದ ಒಳಗಿಡದೆ ದೂರದಲ್ಲಿ ಸಾಲಾಗಿ ಹಚ್ಚಿಡಿ.

ಎಲ್ಲಿಡಬೇಕು?

ಇದು ನೀವಿರುವ ಊರನ್ನು ಅವಲಂಬಿಸಿರುತ್ತದೆ. ಡಲ್ಲಾಸ್, ಹ್ಯೂಸ್ಟನ್ ಕಡೆ ಅಕ್ಟೋಬರ್ ಕೊನೆಯಲ್ಲೂ ಹಗಲು 25 ಡಿಗ್ರಿ ದಾಟುವುದು ಮಾಮೂಲು. ಅಲ್ಲಿ ಎರಡು ಮೂರು ದಿನ ಉಳಿದರೇ ಹೆಚ್ಚು. 30ರ ಸಂಜೆ ಕೊರೆದು, ಹಗಲೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟು, ಸಂಜೆಗೆ ಹೊರಗೆ ತನ್ನಿ. ಷಿಕಾಗೊ, ಮಿನಿಯಾಪೊಲಿಸ್‌ಗಳಲ್ಲಿ ತೊಂದರೆ ಬೇರೆ. ರಾತ್ರಿ ಹಿಮಗಟ್ಟಿದರೆ ತಿರುಳಿನ ಜೀವಕೋಶಗಳು ಒಡೆಯುತ್ತವೆ, ಬೆಳಿಗ್ಗೆ ಬಿಸಿಲಿಗೆ ಕರಗಿ ಇಡೀ ಕಾಯಿ ಲೊಳಲೊಳ ಆಗುತ್ತದೆ. ಉಷ್ಣಾಂಶ ಸೊನ್ನೆಗಿಳಿಯುವ ಮುನ್ಸೂಚನೆಯಿದ್ದರೆ ರಾತ್ರಿ ಗ್ಯಾರೇಜಿಗೆ ತನ್ನಿ. ಕ್ಯಾಲಿಫೋರ್ನಿಯಾದ ಒಣ ಗಾಳಿಯಲ್ಲಿ ಕೊಳೆಯುವುದಕ್ಕಿಂತ ಬಾಡುವುದೇ ಹೆಚ್ಚು. ಅಲ್ಲಿ ಅಂಚಿಗೆ ವ್ಯಾಸಲೀನ್, ರಾತ್ರಿ ಪ್ಲಾಸ್ಟಿಕ್ ಹೊದಿಕೆ ಎರಡೂ ಬೇಕು. ಎಲ್ಲಿದ್ದರೂ ನೇರ ಬಿಸಿಲು, ಮಳೆ ತಾಗದ ಜಾಗವಿರಲಿ. ಒದ್ದೆ ಸಿಮೆಂಟಿನ ಮೇಲೆ ಇಡದೆ ಕೆಳಗೆ ರಟ್ಟೋ ಹಲಗೆಯೋ ಹಾಕಿ.

ಅಂಚು ಸುಕ್ಕಾಗಿ ಮುಖ ಬಾಡಿದ್ದರೆ ಗಾಬರಿ ಬೇಡ. ಬಾತ್‌ಟಬ್‌ನಲ್ಲಿ ತಣ್ಣೀರು, ಒಂದಿಷ್ಟು ಐಸ್ ಹಾಕಿ ಎರಡು ಮೂರು ಗಂಟೆ ಮುಳುಗಿಸಿಟ್ಟರೆ ತಿರುಳು ನೀರು ಹೀರಿ ಮತ್ತೆ ಗಟ್ಟಿಯಾಗುತ್ತದೆ. ಬೋರಲು ಹಾಕಿ ಆರಿಸಿ, ಅಂಚಿಗೆ ಇನ್ನೊಮ್ಮೆ ವ್ಯಾಸಲೀನ್ ಸವರಿ. ಆದರೆ ಈ ಉಪಾಯ ಬಾಡಿದ ಕಾಯಿಗೆ ಮಾತ್ರ. ಅಡಿ ಮೆತ್ತಗಾಗಿ ನೀರು ಸೋರುತ್ತಿದ್ದರೆ, ಒಳಗೆ ಕಪ್ಪು ಬೂಷ್ಟು ಹರಡಿದ್ದರೆ ಉಳಿಸುವ ಯತ್ನ ಬಿಡಿ. ಅಂಥದ್ದನ್ನು ಮನೆಯೊಳಗೆ ತರಬೇಡಿ, ಅಲರ್ಜಿ, ಉಬ್ಬಸ ಇದ್ದವರಿಗೆ ತೊಂದರೆಯಾದೀತು.

ಹಬ್ಬ ಮುಗಿದ ಮೇಲೆ ಕಸದ ಡಬ್ಬಿಗೆ ಹೋದ ಕುಂಬಳ ಕಸದ ಗುಂಡಿಯಲ್ಲಿ ಹೂತು ಮೀಥೇನ್ ಅನಿಲ ಬಿಡುತ್ತದೆ. ಮೇಣ, ದೀಪ ತೆಗೆದು ಚೂರು ಮಾಡಿ ಕಾಂಪೋಸ್ಟ್‌ಗೆ ಹಾಕಿ. ಅನೇಕ ಊರುಗಳಲ್ಲಿ ನವೆಂಬರ್ ಮೊದಲ ವಾರ ಕುಂಬಳ ಸಂಗ್ರಹಿಸಿ ಗೊಬ್ಬರ ಮಾಡುವ ವ್ಯವಸ್ಥೆಯೂ ಇದೆ. ಬ್ಲೀಚ್, ಬಣ್ಣ, ವ್ಯಾಸಲೀನ್ ತಾಗಿದ್ದನ್ನು ಜಿಂಕೆಗೆ, ಅಳಿಲಿಗೆ ಆಗಲೆಂದು ಹಿತ್ತಲಲ್ಲಿ ಬಿಡಬೇಡಿ.