ಇಂದಿನ ಧಮ್ಮ ಚಿಂತನೆ: ಕೆಲಸವೋ, ವಿದೇಶದ ಓದೋ?





ಕಳೆದ ಭಾನುವಾರ ಕಲಬುರಗಿಯಲ್ಲಿ ವಂದನೆ, ತಿಸರಣ, ಪಂಚಶೀಲ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಮ್ಮ ಬಳಗದ ಒಬ್ಬ ತಮ್ಮ ನನ್ನನ್ನು ಪಕ್ಕಕ್ಕೆ ಕರೆದ. ಈ ವರ್ಷ ಇಂಜಿನಿಯರಿಂಗ್ ಮುಗಿಸಿದ್ದಾನೆ. ಬೆಂಗಳೂರಿನ ಕಂಪನಿಯೊಂದರಲ್ಲಿ ವರ್ಷಕ್ಕೆ 11 ಲಕ್ಷ ಸಂಬಳದ ಕೆಲಸ ಸಿಕ್ಕಿದೆ. ಅದೇ ವಾರ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದು ವರ್ಷದ ಎಂ.ಎಸ್ಸಿ.ಗೆ ಸೀಟೂ ಸಿಕ್ಕಿದೆ. ಫೀಸು, ಊಟ, ಬಾಡಿಗೆ ಎಲ್ಲ ಸೇರಿ ಸುಮಾರು 35 ಲಕ್ಷ ಬೇಕು. ಬ್ಯಾಂಕಿನವರು ಸಾಲಕ್ಕೆ ಒಪ್ಪಿದ್ದಾರೆ, ಆದರೆ ಮನೆ ಪತ್ರ ಅಡ ಇಡಬೇಕು. ಮನೆ ಅವ್ವನ ಹೆಸರಿನಲ್ಲಿದೆ. ಅಂಗನವಾಡಿ ಸಹಾಯಕಿಯಾಗಿ ದುಡಿದು ಕಟ್ಟಿಸಿದ ಎರಡು ಕೋಣೆಯ ಮನೆ. ಅಪ್ಪ ಇಲ್ಲ. ತಂಗಿ ಪಿಯುಸಿ ಓದುತ್ತಿದ್ದಾಳೆ.

"ಅಣ್ಣಾರ, ಅವ್ವ ಹೋಗು ಅಂತಾಳ್ರಿ. ಆದ್ರ ರಾತ್ರಿ ನಿದ್ದಿ ಮಾಡವಲ್ಲಳು. ನಾ ಏನ್ ಮಾಡ್ಲಿ?"

ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೂಡಲೇ ಹೇಳಿದರು: "ಬಾಬಾಸಾಹೇಬರು ಹೋಗಲಿಲ್ಲೇನು? ನೀನೂ ಹೋಗು." ಇನ್ನೊಬ್ಬರು ಹೇಳಿದರು: "ಮೊದಲು ಅವ್ವನ್ನ ನೋಡ್ಕೊ." ಎರಡೂ ಒಳ್ಳೆಯ ಮಾತೇ. ಆದರೆ ಹುಡುಗನ ಮುಖದ ಚಿಂತೆ ಕಡಿಮೆಯಾಗಲಿಲ್ಲ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಇದು ಅವನೊಬ್ಬನ ಪ್ರಶ್ನೆಯಲ್ಲ, ಇಂದು ನಮ್ಮ ಎಷ್ಟೋ ಮನೆಗಳ ಪ್ರಶ್ನೆ.

*ಬಾಬಾಸಾಹೇಬರು ಹೋದದ್ದು ಹೇಗೆ?*

ಬಾಬಾಸಾಹೇಬರು ವಿದೇಶದಲ್ಲಿ ಓದಿದರು ಎಂಬುದು ಎಲ್ಲರಿಗೂ ಗೊತ್ತು. ಹೇಗೆ ಹೋದರು ಎಂಬುದನ್ನು ನಾವು ಅಷ್ಟಾಗಿ ಓದುವುದಿಲ್ಲ.

1913ರ ಜನವರಿಯಲ್ಲಿ ಅವರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ್ದರು. ಫೆಬ್ರವರಿ 2ರಂದು ತಂದೆ ರಾಮ್‌ಜಿ ತೀರಿಕೊಂಡರು. ಅದೇ ವರ್ಷ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 11.5 ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟರು. ಓದು ಮುಗಿದ ಮೇಲೆ 10 ವರ್ಷ ಸಂಸ್ಥಾನದ ಸೇವೆ ಮಾಡಬೇಕು ಎಂಬ ಕರಾರಿಗೆ ಸಹಿ ಹಾಕಿ ಬಾಬಾಸಾಹೇಬರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ 1916ರಲ್ಲಿ ಲಂಡನ್ನಿಗೆ.

1917ರಲ್ಲಿ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಲಂಡನ್ನಿನ ಓದು ಅರ್ಧಕ್ಕೇ ನಿಂತಿತು. ಆಗ ಅವರು ಒಂದು ಕೆಲಸ ಮಾಡಿದರು, ಇದನ್ನು ಗಮನಿಸಿ: 1917ರ ಅಕ್ಟೋಬರಿನಿಂದ ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ವಿಶ್ವವಿದ್ಯಾಲಯದ ಅನುಮತಿ ಪಡೆದುಕೊಂಡು ಊರಿಗೆ ಬಂದರು. ಬಾಗಿಲು ಮುಚ್ಚದಂತೆ ನೋಡಿಕೊಂಡರು.

ಬರೋಡಾದಲ್ಲಿ ಆದ ಅವಮಾನ ನಮಗೆಲ್ಲ ಗೊತ್ತಿದೆ. ಇರಲು ಒಂದು ಕೋಣೆಯೂ ಸಿಗದೆ ಅಲ್ಲಿಂದ ಹೊರಟು ಬಂದರು. 1918ರ ನವೆಂಬರಿನಲ್ಲಿ ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಸಂಬಳ ತಿಂಗಳಿಗೆ 450 ರೂಪಾಯಿ, ಆ ಕಾಲಕ್ಕೆ ದೊಡ್ಡ ಮೊತ್ತ. ಅದರಲ್ಲೇ ಉಳಿಸಿದರು. 1920ರ ಮಾರ್ಚಿನಲ್ಲಿ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ತಮ್ಮ ಉಳಿತಾಯ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ 5,000 ರೂಪಾಯಿ ಸಾಲ, ಇಷ್ಟನ್ನು ಸೇರಿಸಿಕೊಂಡು ಮತ್ತೆ ಲಂಡನ್ನಿಗೆ ಹೋದರು. ನಾಲ್ಕು ವರ್ಷದ ಗಡುವು ಇನ್ನೂ ಮುಗಿದಿರಲಿಲ್ಲ. 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಪಡೆದರು.

ಅಂದರೆ ಬಾಬಾಸಾಹೇಬರು ವಿದ್ಯಾರ್ಥಿವೇತನದಲ್ಲೂ ಹೋದರು, ದುಡಿದು ಉಳಿಸಿಯೂ ಹೋದರು. ಮಧ್ಯೆ ನಿಂತದ್ದು ಸೋಲಾಗಲಿಲ್ಲ. ಕೆಲಸಕ್ಕೆ ಸೇರಿದ್ದು ಗುರಿ ಬಿಟ್ಟಂತೆಯೂ ಆಗಲಿಲ್ಲ.

*ಮನೆಯಲ್ಲಿ ಉಳಿದವರು*

ಈ ಕಥೆಯಲ್ಲಿ ಇನ್ನೊಬ್ಬರಿದ್ದಾರೆ, ರಮಾಯಿ. ಅವರು ಲಂಡನ್ನಿನಲ್ಲಿ ಓದುತ್ತಿದ್ದಾಗ ಇಲ್ಲಿ ಬಡತನದಲ್ಲಿ ಸಂಸಾರ ನಡೆಸಿದವರು ಆ ತಾಯಿ. ಹೆತ್ತ ಐದು ಮಕ್ಕಳಲ್ಲಿ ಬದುಕುಳಿದದ್ದು ಯಶವಂತರೊಬ್ಬರೇ. 1935ರಲ್ಲಿ ರಮಾಯಿ ತೀರಿಕೊಂಡರು. ಮುಂದೆ 1940ರಲ್ಲಿ 'ಥಾಟ್ಸ್ ಆನ್ ಪಾಕಿಸ್ತಾನ್' ಪುಸ್ತಕವನ್ನು ಬಾಬಾಸಾಹೇಬರು ಅವರ ನೆನಪಿಗೆ ಅರ್ಪಿಸಿದರು. ಆ ಡಿಗ್ರಿಗಳ ಬೆಲೆಯಲ್ಲಿ ಒಂದು ಪಾಲು ಕಟ್ಟಿದವರು ಯಾರೆಂದು ಅವರು ಮರೆತಿರಲಿಲ್ಲ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಸಿದ್ಧಾರ್ಥನ ಗೃಹತ್ಯಾಗವನ್ನು ಹೇಗೆ ಹೇಳಿದ್ದಾರೆ ನೆನಪಿಸಿಕೊಳ್ಳಿ. ಮಲಗಿದ್ದ ಹೆಂಡತಿ ಮಗುವನ್ನು ನಡುರಾತ್ರಿ ಬಿಟ್ಟುಹೋದ ಕಥೆಯನ್ನು ಅವರು ಒಪ್ಪಲಿಲ್ಲ. ಅವರ ಗ್ರಂಥದಲ್ಲಿ ಸಿದ್ಧಾರ್ಥ ರೋಹಿಣಿ ನದಿ ನೀರಿನ ಜಗಳದಲ್ಲಿ ಯುದ್ಧ ಬೇಡವೆಂದು ನಿಂತು ಪರಿವ್ರಾಜಕನಾಗುತ್ತಾನೆ. ಹೊರಡುವ ಮುನ್ನ ತಂದೆ ತಾಯಿಯ ಜೊತೆ ಮಾತಾಡುತ್ತಾನೆ, ಯಶೋಧರೆಯ ಜೊತೆ ಮಾತಾಡುತ್ತಾನೆ. ಅವಳು ಧೈರ್ಯ ಹೇಳಿ ಕಳಿಸುತ್ತಾಳೆ. ಎಷ್ಟೇ ದೊಡ್ಡ ಉದ್ದೇಶವಿರಲಿ, ಮನೆಯವರಿಗೆ ಹೇಳದೆ, ಕೇಳದೆ ಹೋಗುವುದು ನಮ್ಮ ದಾರಿಯಲ್ಲ.

ಆದ್ದರಿಂದ ತಮ್ಮಾ, ಅವ್ವನಿಗೆ "ಹೋಗ್ಲೇನು?" ಎಂದು ಕೇಳಬೇಡ. ಯಾವ ತಾಯಿಯೂ ಅದಕ್ಕೆ ಬೇಡ ಅನ್ನುವುದಿಲ್ಲ. "ನಾ ಇಲ್ಲದ ವರ್ಷ ಮನಿ ಹೆಂಗ ನಡೀತದ? ತಂಗಿ ಫೀಸು ಯಾರು ಕಟ್ತಾರ? ನನಗ ಕೆಲಸ ಸಿಗೋದು ತಡ ಆದ್ರ ಮನಿ ಪತ್ರ ಏನಾಗ್ತದ?" ಎಂದು ಕೇಳು. ಪೆನ್ನು ಕಾಗದ ಹಿಡಿದು ಇಬ್ಬರೂ ಕೂತು ಲೆಕ್ಕ ಹಾಕಿ. ಆ ಲೆಕ್ಕ ನೋಡಿದ ಮೇಲೆ ಅವಳು ಹೇಳುವ "ಹೂಂ" ನಿಜವಾದ ಹೂಂ.

*ತಕ್ಕಡಿ ಹಿಡಿದವನಂತೆ*

ಕೋಲಿಯರ ದೀಘಜಾಣು ಎಂಬ ಗೃಹಸ್ಥ, ಸಂಸಾರಿಗಳಾದ ನಮಗೆ ಹಿತವಾದದ್ದನ್ನು ಹೇಳಿ ಎಂದು ಬುದ್ಧರನ್ನು ಕೇಳಿದ. ಬುದ್ಧರು ಈ ಬದುಕಿನ ಹಿತಕ್ಕೆ ನಾಲ್ಕು ಮಾತು ಹೇಳಿದರು.

1️⃣ ಉಟ್ಠಾನ ಸಂಪದಾ: ಹಿಡಿದ ಕೆಲಸದಲ್ಲಿ ಜಾಣ್ಮೆ, ಶ್ರಮ.
2️⃣ ಆರಕ್ಖ ಸಂಪದಾ: ಬೆವರು ಸುರಿಸಿ ಗಳಿಸಿದ್ದನ್ನು ಕಾಪಾಡಿಕೊಳ್ಳುವುದು.
3️⃣ ಕಲ್ಯಾಣ ಮಿತ್ತತಾ: ಒಳ್ಳೆಯವರ ಗೆಳೆತನ.
4️⃣ ಸಮಜೀವಿಕತಾ: ಆದಾಯ, ಖರ್ಚು ಎರಡನ್ನೂ ತಿಳಿದು ಬಾಳುವುದು.

ನಾಲ್ಕನೆಯದಕ್ಕೆ ಬುದ್ಧರು ಕೊಟ್ಟ ಹೋಲಿಕೆ ತಕ್ಕಡಿ ಹಿಡಿದವನದು. ಎಷ್ಟು ಇಳಿಯಿತು, ಎಷ್ಟು ಏರಿತು ಎಂದು ಅವನಿಗೆ ಗೊತ್ತಿರುತ್ತದೆ. 35 ಲಕ್ಷದ ಸಾಲಕ್ಕೂ ಇದೇ ತಕ್ಕಡಿ ಬೇಕು. ಓದಲು ಆಸೆಪಡುವುದು ತೃಷ್ಣೆಯಲ್ಲ. ಲೆಕ್ಕ ಹಾಕದೆ ಅವ್ವನ ಮನೆಯನ್ನು ಪಣಕ್ಕಿಡುವುದು ಮಾತ್ರ ಧಮ್ಮವಲ್ಲ.

*ಮಾಡಬಹುದಾದ ಕೆಲಸ*

🔹 ಸಾಲಕ್ಕೆ ಸಹಿ ಹಾಕುವ ಮೊದಲು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆ ಇದೆ. ಷರತ್ತುಗಳು ಬದಲಾಗುತ್ತಿರುತ್ತವೆ. ಈ ವರ್ಷದ ಪ್ರಕಟಣೆಯನ್ನೇ ಓದಿ, ಹಳೆಯ ಫಾರ್ವರ್ಡ್ ನಂಬಬೇಡಿ.

🔹 ಕೇಂದ್ರದ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯದ ಮಿತಿ 8 ಲಕ್ಷ. 11 ಲಕ್ಷದ ಕೆಲಸಕ್ಕೆ ಸೇರಿದರೆ ಮುಂದೆ ಈ ಮಿತಿ ದಾಟಬಹುದು. ಅದಕ್ಕೇ "ಆಮೇಲೆ ನೋಡೋಣ" ಎನ್ನದೆ ಈಗಲೇ ವಿಚಾರಿಸಿ.

🔹 ಬೌದ್ಧರು ಎಂದು ಬರೆಸಿದರೆ ಸವಲತ್ತು ಹೋಗುತ್ತದೆ ಎಂಬ ಭಯ ಬೇಡ. 1990ರ ತಿದ್ದುಪಡಿಯ ನಂತರ ಬೌದ್ಧರಿಗೂ ಪರಿಶಿಷ್ಟ ಜಾತಿಯ ಸ್ಥಾನಮಾನವಿದೆ.

🔹 ಸೀಟನ್ನು ಒಂದು ವರ್ಷ ಮುಂದಕ್ಕೆ ಹಾಕಲು ಸಾಧ್ಯವೇ ಎಂದು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿ.

🔹 ಕೆಲಸಕ್ಕೆ ಸೇರಿದರೆ ಹೊರಡುವ ತಾರೀಕನ್ನೂ ಬರೆದಿಡಿ. ಬಾಬಾಸಾಹೇಬರು 450 ರೂಪಾಯಿ ಸಂಬಳ ಬಿಟ್ಟದ್ದು 16 ತಿಂಗಳಲ್ಲಿ. ತಾರೀಕು ಇಲ್ಲದಿದ್ದರೆ ಮೊದಲು ಬೈಕಿನ ಕಂತು, ಆಮೇಲೆ ಕಾರಿನ ಕಂತು, ಕೊನೆಗೆ ಓದು ನೆನಪಾಗಿಯೇ ಉಳಿಯುತ್ತದೆ.

ಕೊನೆಯ ಮಾತು. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು ಓದಿದವರ ಬಗ್ಗೆ ನೊಂದು ಮಾತಾಡಿದರು. ಓದಿ ಮೇಲೆ ಬಂದವರು ಸಮಾಜಕ್ಕೆ ಮರಳಿ ಕೊಡಲಿಲ್ಲ ಎಂಬುದು ಅವರ ನೋವು. ಆ ನೋವು ಇಂಗ್ಲೆಂಡಿಗೆ ಹೋಗುವವನಿಗೂ ಅನ್ವಯಿಸುತ್ತದೆ, ಬೆಂಗಳೂರಿಗೆ ಹೋಗುವವನಿಗೂ ಅನ್ವಯಿಸುತ್ತದೆ.

ನಿನ್ನೆ ರಾತ್ರಿ ಆ ತಮ್ಮ ಫೋನ್ ಮಾಡಿದ್ದ. ಅವ್ವನ ಜೊತೆ ಕೂತು ಲೆಕ್ಕ ಹಾಕಿದನಂತೆ. ಅವಳು ಮೊದಲ ಬಾರಿಗೆ ಮನಸ್ಸು ಬಿಚ್ಚಿ ಹೇಳಿದಳಂತೆ: "ಓದು ಬ್ಯಾಡ ಅನ್ನಂಗಿಲ್ಲಪ್ಪ. ಮನಿ ಪತ್ರ ಮಾತ್ರ ಬ್ಯಾಡ." ವಿಶ್ವವಿದ್ಯಾಲಯಕ್ಕೆ ಪತ್ರ ಬರೆದಿದ್ದಾನೆ, ಸ್ಕಾಲರ್‌ಶಿಪ್ ಅರ್ಜಿಗೆ ಕಾಗದಪತ್ರ ಜೋಡಿಸುತ್ತಿದ್ದಾನೆ. ಉತ್ತರ ಇನ್ನೂ ಬಂದಿಲ್ಲ. ಅವ್ವ ಮಾತ್ರ ನಿದ್ದೆ ಮಾಡಿದಳಂತೆ.

🪷 *ಇಂದಿನ ಅಭ್ಯಾಸ:* ನಿಮ್ಮ ಓದಿಗಾಗಿ ಮನೆಯಲ್ಲಿ ಯಾರು ಏನು ಬಿಟ್ಟುಕೊಟ್ಟರು? ಹತ್ತು ನಿಮಿಷ ಮೌನವಾಗಿ ಕೂತು ನೆನೆಯಿರಿ. ಅವರು ಇದ್ದರೆ ಇಂದೇ ಒಂದು ಫೋನ್ ಮಾಡಿ. ವಿದೇಶದಲ್ಲಿ ಓದಿ ಬಂದವರು ನಿಮ್ಮಲ್ಲಿದ್ದರೆ, ಅರ್ಜಿ ತುಂಬಲು ಒಬ್ಬ ತಮ್ಮನಿಗೋ ತಂಗಿಗೋ ಈ ವಾರ ಒಂದು ಗಂಟೆ ಕೊಡಿ. ಕಲ್ಯಾಣ ಮಿತ್ರರಾಗುವುದೆಂದರೆ ಇದೇ.

ಸಾಧು, ಸಾಧು, ಸಾಧು 🙏
ನಮೋ ಬುದ್ಧಾಯ. ಜೈ ಭೀಮ್. 💙